ಲೋಟದ ಮೇಲಿನ ಮುಚ್ಚಳ

ಸ್ಟೀಲಿನ ಒಂದು ಸಣ್ಣ ಮುಚ್ಚಳ. ನಾಲ್ಕು ಬೆರಳಗಲ ಇದೆ, ನೀರಿನ ಲೋಟದ ಮೇಲೆ ಇಡುವಂಥದ್ದು. ಅಂಚು ಒಂದು ಕಡೆ ನೆಗ್ಗಿದೆ. ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಅಕ್ಷರಗಳಿವೆ; ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದ ಪಾತ್ರೆಯ ಜೊತೆಯದು. ವಧೂವರರ ಹೆಸರುಗಳು ಸವೆದುಹೋಗಿ ‘ಚಿ. ಸೌ.’ ಎಂಬುದಷ್ಟೇ ಉಳಿದಿದೆ.

ಹೋದ ತಿಂಗಳು ಹೊಸಪೇಟೆಯ ನಮ್ಮ ಆಪ್ತಸಮಾಲೋಚನಾ ಕೇಂದ್ರವನ್ನು ಹಳೆಯ ಮಹಡಿಯಿಂದ ಎರಡು ಬೀದಿ ಆಚೆಗಿನ ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದೆವು. ಕಪಾಟು ಖಾಲಿ ಮಾಡುತ್ತಿದ್ದ ಹಮಾಲಿ ಕೆಳಗಿನ ಅರೆಯ ಮೂಲೆಯಿಂದ ಇದನ್ನು ತೆಗೆದು ಬೆಳಕಿಗೆ ಹಿಡಿದರು. ಐವತ್ತು ದಾಟಿದವರು, ಹೆಗಲ ಮೇಲೆ ಕೆಂಪು ಟವೆಲ್ಲು.

“ಮೇಡಂರ, ಇದರ ಲೋಟ ಎಲ್ಲೈತಿ? ಬರೇ ಮುಚ್ಚಳ ಐತಲ್ಲ. ಒಗದುಬಿಡ್ಲ್ಯಾ?”

“ಬೇಡ” ಎಂದೆ. ಬೇಕಾದ್ದಕ್ಕಿಂತ ಜೋರಾಗಿ ಹೇಳಿರಬೇಕು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ಅದನ್ನು ಮರೆತಿರಲಿಲ್ಲ. ಅದು ಎಲ್ಲಿದೆಯೆಂದು ನನಗೆ ಸರಿಯಾಗಿ ಗೊತ್ತಿತ್ತು. ಐದು ವರ್ಷ ಕಪಾಟಿನ ಆ ಮೂಲೆಗೆ ಕೈ ಹಾಕಿರಲಿಲ್ಲ, ಅಷ್ಟೆ.

ಮುಚ್ಚಳ ಆಯಮ್ಮನದು. ಆ ಮಹಡಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಕೆಳಗೆ ಡಾಕ್ಟರಮ್ಮನ ದವಾಖಾನೆ, ಮೇಲೆ ಜನರ ಮಾತು ಕೇಳುವ ನನ್ನ ಒಂದೇ ಕೋಣೆ, ಕೋಣೆಯ ಹೊರಗೆ ಒಂದು ಬೆಂಚು, ಬೆಂಚಿನ ಪಕ್ಕ ಕೈ ತೊಳೆಯುವ ನಲ್ಲಿ. ಆ ಬೆಂಚು, ನಲ್ಲಿ, ಮೆಟ್ಟಿಲು, ನೀರಿನ ಹೂಜಿ ಎಲ್ಲವೂ ಆಯಮ್ಮನ ಸುಪರ್ದಿಯಲ್ಲಿದ್ದವು. ಅದಕ್ಕೆ ಮೊದಲು ಅವರು ಇಪ್ಪತ್ತು ವರ್ಷ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ದಿನಾ ಕಂಪ್ಲಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಗಂಡ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಒಬ್ಬಳೇ ಮಗಳು, ಸಂಡೂರಿಗೆ ಕೊಟ್ಟಿದ್ದರು.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನಗೆ ಆಟಿಸಂ ಇದೆ. ಅದು ಗೊತ್ತಾದದ್ದು ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಮನಶ್ಶಾಸ್ತ್ರ ಓದಿ, ಸಮಾಲೋಚಕಿಯಾಗಿ ಕೆಲಸ ಶುರುಮಾಡಿದ ಮೇಲೆ. ಜನ ಆಡಿದ ಮಾತು ನನ್ನಲ್ಲಿ ಹಾಗೆಯೇ ಉಳಿಯುತ್ತದೆ. ಮೂರು ತಿಂಗಳ ಹಿಂದೆ ಒಬ್ಬರು ಯಾವ ಪದ ಬಳಸಿದರು, ಎಲ್ಲಿ ನಿಲ್ಲಿಸಿದರು ಎಂಬುದನ್ನು ತಪ್ಪಿಲ್ಲದೆ ಹೇಳಬಲ್ಲೆ. ಮೌನ ನನಗೆ ಭಾರವಲ್ಲ. ಆದರೆ ಮುಖ ನನಗೆ ಏನನ್ನೂ ಹೇಳುವುದಿಲ್ಲ. ನಗುವ ಬಾಯಿ ಕಂಡರೆ ನಗು ಎಂದು ಗೊತ್ತಾಗುತ್ತದೆ; ಅದು ಎಂಥ ನಗು ಎಂದು ಗೊತ್ತಾಗುವುದಿಲ್ಲ. ಕಣ್ಣಿಗೆ ಕಣ್ಣು ಕೊಟ್ಟರೆ ಮಾತು ಕೇಳಿಸದಂತಾಗುತ್ತದೆ. ಅದಕ್ಕೇ ನನ್ನ ಕೋಣೆಯಲ್ಲಿ ಎರಡು ಕುರ್ಚಿಗಳೂ ಕಿಟಕಿಯ ಕಡೆಗೆ ಮುಖ ಮಾಡಿದ್ದವು. ಸಂಡೂರಿನಿಂದ ಬರುತ್ತಿದ್ದ ಒಬ್ಬ ಹೆಂಗಸು ಒಮ್ಮೆ ಅಂದಿದ್ದರು: “ನೀವು ನನ್ನ ಮುಖ ನೋಡಲ್ಲಂತ ನನಗ ಹೇಳಾಕ ಬಂತ್ರಿ.” ಆ ಮಾತನ್ನು ನಾನು ತುಂಬ ದಿನ ಪ್ರಶಸ್ತಿಪತ್ರದ ಹಾಗೆ ಇಟ್ಟುಕೊಂಡಿದ್ದೆ. ಎಲ್ಲರೂ ಆ ಹೆಂಗಸಿನಂತೆ ಇರುವುದಿಲ್ಲ ಎಂಬುದನ್ನು ಆಯಮ್ಮ ಕಲಿಸಿದರು.

ಕೆಲಸಕ್ಕೆ ಸೇರಿದ ಮೊದಲ ವರ್ಷ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದ ಒಬ್ಬರು ಬಂದರು. ಮೂವತ್ತರ ಆಸುಪಾಸು. ಶಿಫ್ಟು ಬದಲಾಗುತ್ತ ನಿದ್ದೆ ಕೆಟ್ಟಿದೆ, ಬೇರೇನೂ ಇಲ್ಲ, ಆರಾಮದೀನಿ ಎಂದರು. ಉದ್ದಕ್ಕೂ ನಗುತ್ತಿದ್ದರು. ನಾನು ಅವರು ಹೇಳಿದ್ದನ್ನು ನಂಬಿದೆ. ನಿದ್ದೆಯ ಬಗ್ಗೆ ಬರೆದಿಟ್ಟಿದ್ದ ಕಾಗದ ಕೊಟ್ಟು, ಹದಿನೈದು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ.

ಅವರು ಮೆಟ್ಟಿಲಿಳಿದ ಕೂಡಲೇ ಆಯಮ್ಮ ಒಳಗೆ ಬಂದರು. “ಅಂವನ್ನ ಹಂಗ ಕಳಿಸಿಬಿಟ್ರ್ಯಾ?”

“ಹೌದು. ನಿದ್ದೆಯ ತೊಂದರೆ ಅಷ್ಟೆ. ನಗುತ್ತಿದ್ದರಲ್ಲ.”

“ಅದು ನಿಮ್ಮ ಸಲುವಾಗಿ ನಕ್ಕಿದ್ದು. ಹೊರಗ ನಲ್ಲಿ ಮುಂದ ನಿಂತು ಮೂರು ಸಲ ಮುಖ ತೊಳಕೊಂಡಾನ. ಮೂರು ಸಲಾನೂ ಒರಸಿಕೊಂಡಿಲ್ಲ. ಹೆರಿಗಿ ಆಸ್ಪತ್ರ್ಯಾಗ ನೋಡೀನ್ರಿ ನಾ. ಒದರೋ ಹೆಣ್ಮಗಳಿಗೆ ಇನ್ನಾ ಟೈಮ್ ಇರ್ತೈತಿ. ಸುಮ್ನ ನಕ್ಕೋಂತ ಕುಂತಾಕಿ ಕಡೆ ಜಲ್ದಿ ಓಡಬೇಕು.”

ನಾನು ಓಡಿದೆ. ಮೂಲೆಯಲ್ಲಿ ಅವರು ಬಸ್ಸಿಗೆ ನಿಂತಿದ್ದರು. ಕರೆದುಕೊಂಡು ಬಂದೆ. ಎರಡನೆಯ ಸಲ ಕೂತಾಗ ಅವರು ಏನು ಹೇಳಿದರು ಎಂಬುದು ಅವರದು, ಇಲ್ಲಿ ಬರೆಯುವುದಿಲ್ಲ. ಮನೆಗೆ ಹೋಗಲೆಂದು ಅವರು ಆ ಬಸ್ಸಿಗೆ ಕಾಯುತ್ತಿರಲಿಲ್ಲ, ಅಷ್ಟು ಮಾತ್ರ ಹೇಳಬಹುದು. ಅವರು ಈಗ ಚೆನ್ನಾಗಿದ್ದಾರೆ. ಆದರೆ ಅವತ್ತು ಸಂಜೆ ನಾನು ಆ ಕುರ್ಚಿಯಿಂದ ಏಳಲಾಗದೆ ಕೂತೇ ಇದ್ದೆ. ಈ ಕೆಲಸ ಬಿಡಬೇಕು ಅನ್ನಿಸಿತ್ತು. ಡಾಕ್ಟರಮ್ಮನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರದ ಸಂಗತಿಯನ್ನು ಆಯಮ್ಮನಿಗೆ ಹೇಳಿದೆ.

“ಆಟಿಸಂ ಅಂದ್ರ… ಅದು ಮಕ್ಕಳಿಗೆ ಇರ್ತೈತಲ್ರಿ?”

“ಆ ಮಕ್ಕಳು ದೊಡ್ಡವರಾಗುತ್ತಾರೆ ಆಯಮ್ಮ.”

“ಹೌದಲ್ಲ” ಎಂದರು. ಆಮೇಲೆ, “ಅದಕ್ಕೇನ್ರಿ ನೀವು ರೇಡಿಯೋದಾಗ ವಾರ್ತೆ ಓದ್ದಂಗ ಮಾತಾಡೋದು? ನಾ ಎಲ್ಲೋ ಭಾಳ ಓದ್ಯಾರ, ಅದಕ್ಕ ಜಂಬ ಅಂದ್ಕೊಂಡಿದ್ದೆ.”

ಮರುದಿನ ಬರುವಾಗ ಈ ಮುಚ್ಚಳ ತಂದಿದ್ದರು.

ಒಳಗೆ ಬರುವ ಪ್ರತಿಯೊಬ್ಬರಿಗೂ ಮೊದಲು ಒಂದು ಲೋಟ ನೀರು ತಂದು ಮೇಜಿನ ಮೇಲಿಡುವುದು ಮೊದಲಿಂದಲೂ ಇದ್ದ ಪದ್ಧತಿ. ಅದರಲ್ಲಿಯೇ ಅವರು ಗುರುತು ಮಾಡಿದರು. ಬರಿಯ ಲೋಟ ಬಂದರೆ ವಿಶೇಷ ಏನಿಲ್ಲ. ಮೇಲೆ ಮುಚ್ಚಳ ಇದ್ದರೆ ಬರುವವರು ಅಳು ತುಂಬಿಕೊಂಡು ಬಂದಿದ್ದಾರೆ, ಮುಖದಲ್ಲಿ ನಗು ಇದ್ದರೂ ನಂಬಬಾರದು. ಮುಚ್ಚಳ ಮಗುಚಿ ಇಟ್ಟಿದ್ದರೆ ಜೊತೆಗೆ ಬಂದವರ ಹೆದರಿಕೆ ಇದೆ, ಅವರನ್ನು ಕೆಳಗೆ ಚಹಾಕ್ಕೆ ಕಳಿಸಬೇಕು. ಕಂಡದ್ದನ್ನು ಮಾತ್ರ ತಿಳಿಸಬೇಕು, ಕಿವಿಗೆ ಬಿದ್ದದ್ದನ್ನಲ್ಲ ಎಂದು ನಾನು ಕೇಳಿಕೊಂಡೆ. ಮೂರು ನಿಯಮಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

“ಬರಕೊಂಡ್ರ್ಯಾ! ಇದೇನು ಕೋರ್ಟೇನ್ರಿ?” ಎಂದು ನಕ್ಕರು.

ನಾಲ್ಕು ವರ್ಷ ನಾವು ಹೀಗೆ ಕೆಲಸ ಮಾಡಿದೆವು. ಬಂದವರು ನನ್ನನ್ನು ಹೊಗಳುತ್ತಿದ್ದರು: ಹೇಳುವ ಮೊದಲೇ ತಿಳಿದುಕೊಳ್ಳುತ್ತಾರೆ ಎಂದು. ಮರಿಯಮ್ಮನಹಳ್ಳಿಯ ಒಬ್ಬ ಲಾರಿ ಡ್ರೈವರು ಡಾಕ್ಟರಮ್ಮನ ಹತ್ತಿರ ಹೋಗಿ, “ಮ್ಯಾಲಿನ ಮೇಡಂಗ ಏನೋ ದೃಷ್ಟಿ ಐತ್ರಿ” ಅಂದಿದ್ದರಂತೆ. ಆಯಮ್ಮ ಅದನ್ನು ಕೇಳಿ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ನೆನಪಿದೆ.

ನನಗಾಗಿ ಅವರು ಮಾಡಿಕೊಂಡ ಮಾರ್ಪಾಟುಗಳನ್ನು ನಾನು ಒಂದೊಂದಾಗಿ ತಡವಾಗಿ ಗಮನಿಸಿದೆ. ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟು ಒಂದು ದಿನ ಬದಲಾಗಿತ್ತು. ನೆಲ ಒರೆಸುವ ಫಿನೈಲು ನಾನು ಬರುವ ಹೊತ್ತಿಗೆ ಆರಿರುತ್ತಿತ್ತು. ಮಲ್ಲಿಗೆಯ ವಾಸನೆಗೆ ನನಗೆ ತಲೆ ಸಿಡಿಯುತ್ತದೆ ಎಂದು ಒಮ್ಮೆ ಹೇಳಿದ್ದೆ. ಅಂದಿನಿಂದ ಆಯಮ್ಮ ಮುಡಿದು ಬಂದ ಹೂವನ್ನು ಮೆಟ್ಟಿಲ ಕೆಳಗೆ, ಕರೆಂಟಿನ ಮೀಟರಿನ ಪಕ್ಕದ ಮೊಳೆಗೆ ನೇತುಹಾಕಿ ಮೇಲೆ ಬರುತ್ತಿದ್ದರು. ಸಂಜೆ ಹೋಗುವಾಗ ಬಾಡಿದ ಅದೇ ಹೂವನ್ನು ಮುಡಿದುಕೊಂಡು ಬಸ್ಸಿಗೆ ಹೋಗುತ್ತಿದ್ದರು. ಇದನ್ನು ನಾನು ಎರಡು ವರ್ಷ ನೋಡಿದೆ. ಧನ್ಯವಾದ ಹೇಳಿದ್ದೇನೆಯೇ… ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಆ ಮಾತು ನನಗೆ ನೆನಪಿರುತ್ತಿತ್ತು.

ಕೊನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೊಳೆ ಖಾಲಿಯಾಯಿತು. ನಾನು ಅದನ್ನು ನೋಡಿದೆ. ನನಗೋಸ್ಕರ ಹೂ ಮುಡಿಯುವುದನ್ನೇ ಬಿಟ್ಟಿದ್ದಾರೆ ಎಂದುಕೊಂಡೆ. ಹೂಜಿಯನ್ನು ಬಲಗೈಯಲ್ಲಿ ಎತ್ತುತ್ತಿದ್ದವರು ಎಡಗೈಯಲ್ಲಿ ಎತ್ತತೊಡಗಿದರು. ಅದನ್ನೂ ನೋಡಿದೆ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದರು. ಊಟದ ಡಬ್ಬಿಯನ್ನು ತೆರೆಯದೆ ತಿರುಗಿ ಒಯ್ಯುತ್ತಿದ್ದರು. ಇದೆಲ್ಲ ನನಗೆ ಕಾಣಿಸಿತ್ತು, ಇವತ್ತಿಗೂ ಒಂದೊಂದೂ ಹಾಗೆಯೇ ಇದೆ. ಕಂಡದ್ದರ ಅರ್ಥವೇನು ಎಂದು ನನಗೆ ಹೇಳುವವರು ಅವರೇ ಆಗಿದ್ದರು.

ಅದೊಂದು ಸೋಮವಾರ. ನಾಲ್ಕು ಗಂಟೆಗೆ ಬರಬೇಕಾಗಿದ್ದವರು ಫೋನ್ ಮಾಡಿ ಬರುವುದಿಲ್ಲ ಎಂದಿದ್ದರು. ಅವರೇ ಕೊನೆಯವರು. ಕೆಳಗೆ ರಸ್ತೆ ಅಗೆದಿದ್ದರು. ಕಿಟಕಿಯ ಸರಳುಗಳ ಮೇಲೆ ಕೆಂಪು ಧೂಳು ಕೂತಿತ್ತು. ನಾನು ಟಿಪ್ಪಣಿ ಬರೆಯುತ್ತಿದ್ದೆ. ಆಯಮ್ಮ ನೀರಿನ ಲೋಟ ತಂದು ಮೇಜಿನ ಮೇಲಿಟ್ಟರು. ಲೋಟದ ಮೇಲೆ ಮುಚ್ಚಳ ಇತ್ತು.

“ಯಾರೂ ಬರುವುದಿಲ್ಲ ಆಯಮ್ಮ, ಅವರು ಫೋನ್ ಮಾಡಿದ್ದರು.”

“ಗೊತ್ತೈತ್ರಿ.”

ಸಾಮಾನ್ಯವಾಗಿ ಲೋಟ ಇಟ್ಟ ಕೂಡಲೇ ಅವರು ಹೊರಗೆ ಹೋಗುತ್ತಿದ್ದರು. ಅವತ್ತು ಹೋಗಲಿಲ್ಲ. ಮೇಜಿನ ಪಕ್ಕ, ಖಾಲಿ ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟು ನಿಂತರು. ನಾನು ಮುಚ್ಚಳ ನೋಡಿದೆ. ನಿಯಮ ನನಗೆ ಬಾಯಿಪಾಠ: ಮುಚ್ಚಳ ಇದ್ದರೆ ಬರುವವರು ಅಳು ತುಂಬಿಕೊಂಡು ಬಂದಿದ್ದಾರೆ. ಬರುವವರು ಯಾರೂ ಇಲ್ಲ. ಹಾಗಾದರೆ ಮುಚ್ಚಳ ಧೂಳಿಗೆ. ಮುಚ್ಚಳ ತೆಗೆದು ಪಕ್ಕಕ್ಕಿಟ್ಟೆ, ನೀರು ಕುಡಿದೆ.

“ಇವತ್ತು ಧೂಳು ಜಾಸ್ತಿ ಅಲ್ಲವಾ?” ಎಂದೆ.

“ಹೌದ್ರಿ” ಎಂದರು. “ಭಾಳ ಧೂಳು.”

ಲೋಟ ತೆಗೆದುಕೊಂಡು ಹೋದರು. ಮುಚ್ಚಳ ಮೇಜಿನ ಮೇಲೆಯೇ ಉಳಿಯಿತು.

ಮರುದಿನ ಅವರು ಬರಲಿಲ್ಲ. ಮಗಳ ಹತ್ತಿರ ಸಂಡೂರಿಗೆ ಹೋಗಿದ್ದಾರೆ ಎಂದು ಕೆಳಗಿನ ಕಾಂಪೌಂಡರು ಹೇಳಿದರು. ನಾನು ಅದನ್ನೂ ಹೇಳಿದ ಹಾಗೆಯೇ ನಂಬಿದೆ. ಮಗಳಿಗೆ ಏನೋ ತೊಂದರೆ ಇರಬೇಕು, ಇವರು ನೋಡಿಕೊಳ್ಳಲು ಹೋಗಿದ್ದಾರೆ, ಮುಗಿದ ಮೇಲೆ ಬರುತ್ತಾರೆ. ಮುಚ್ಚಳ ಕಳೆಯಬಾರದೆಂದು ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟೆ.

ಆರು ವಾರದ ನಂತರ ಡಾಕ್ಟರಮ್ಮ ಮೆಟ್ಟಿಲಲ್ಲಿ ಸಿಕ್ಕಾಗ, ಆಯಮ್ಮ ಯಾವಾಗ ಬರುತ್ತಾರೆ ಎಂದು ಕೇಳಿದೆ. ಅವರು ನಿಂತರು.

“ಏನು ಹೀಗೆ ಕೇಳ್ತೀರಿ? ನಿಮಗೆ ಹೇಳಲಿಲ್ವಾ ಅವರು?”

ಆಯಮ್ಮನ ಎದೆಯಲ್ಲಿ ಕ್ಯಾನ್ಸರಿನ ಗಂಟು. ತಿಂಗಳುಗಟ್ಟಲೆ ಯಾರಿಗೂ ತೋರಿಸಿರಲಿಲ್ಲ. ಆ ಸೋಮವಾರ ಮಧ್ಯಾಹ್ನ ಬಳ್ಳಾರಿಯಿಂದ ರಿಪೋರ್ಟು ಬಂದಿತ್ತು. ಕೆಳಗೆ ಡಾಕ್ಟರಮ್ಮ ಅದನ್ನು ಓದಿ ಹೇಳಿದ್ದರು. “ಮ್ಯಾಲಿನ ಮೇಡಂರಿಗೆ ನಾನ ಹೇಳ್ತೀನ್ರಿ” ಎಂದು ಹೇಳಿ ಆಯಮ್ಮ ಮೆಟ್ಟಿಲು ಹತ್ತಿದ್ದರು. “ನೀವು ಒಂದು ಸಲವೂ ವಿಚಾರಿಸದೇ ಇದ್ದದ್ದು ನನಗೂ ವಿಚಿತ್ರ ಅನ್ನಿಸ್ತು” ಎಂದರು ಡಾಕ್ಟರಮ್ಮ. “ನಿಮ್ಮ ಸ್ವಭಾವ ಹಾಗೆ ಅಂತ ಸುಮ್ಮನಾದೆ.”

ಆ ಭಾನುವಾರ ಕಂಪ್ಲಿಗೆ ಹೋದೆ. ಆಯಮ್ಮ ಸಂಡೂರಿನಿಂದ ಮನೆಗೆ ಮರಳಿದ್ದರು. ಮಗಳೂ ಜೊತೆಗೆ ಬಂದಿದ್ದಳು. ಗಿರಣಿಯ ಹಿಂದಿನ ಓಣಿ, ಬೇಯಿಸಿದ ಭತ್ತದ ಗಾಢ ವಾಸನೆ. ಮಗಳು ಬಾಗಿಲಲ್ಲಿ ನಿಂತು ನನ್ನನ್ನು ಒಳಗೆ ಬಿಡಲು ಸ್ವಲ್ಪ ತಡಮಾಡಿದಳು.

“ಮನಸ್ಸಿನ ಡಾಕ್ಟ್ರು ಅಂತಾರ ನಿಮಗ. ದಿನಾ ಎದುರಿಗೆ ಇದ್ದಾಕಿ ಮನಸ್ಸು ತಿಳೀಲಿಲ್ಲೇನ್ರಿ?”

“ಸುಮ್ಕಿರಲೇ” ಎಂಬ ಧ್ವನಿ ಒಳಗಿನಿಂದ ಬಂತು. “ಬರ್ರಿ ಮೇಡಂರ. ಕುಂದ್ರಿ. ಆಕೀಗೆ ಸಿಟ್ಟು, ನಿಮ್ಮ ಮ್ಯಾಲಲ್ಲ.”

ಗೋಡೆಗೆ ಒರಗಿಸಿದ ದಿಂಬಿನ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು, ಅಷ್ಟು ನನಗೂ ಕಾಣಿಸಿತು. ತಲೆಗೆ ಬಟ್ಟೆ ಸುತ್ತಿತ್ತು. ಮಗಳು ದಿಂಬಿನ ಪಕ್ಕ ಒಂದು ಮೊಳ ಮಲ್ಲಿಗೆ ಇಟ್ಟಿದ್ದಳು. ನನ್ನನ್ನು ಕಂಡ ಕೂಡಲೇ ಆಯಮ್ಮ ಅದನ್ನು ಎಡಗೈಯಿಂದ ದೂರ ಸರಿಸಲು ಹೋದರು.

“ಇರಲಿ ಬಿಡಿ” ಎಂದೆ.

“ತಲಿ ನೋಯ್ತೈತಿ ನಿಮಗ.”

“ಇರಲಿ ಆಯಮ್ಮ.”

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು. “ಮುಚ್ಚಳ ನೋಡಿದ್ರಿಲ್ಲ ಅವತ್ತು?”

“ನೋಡಿದೆ.”

“ಮತ್ತ?”

“ಯಾರೂ ಬರುವವರಿರಲಿಲ್ಲ. ಅದಕ್ಕೆ ಧೂಳಿಗೆ ಎಂದುಕೊಂಡೆ.”

ಅವರು ನಕ್ಕರು. ನಗು ಕೆಮ್ಮಾಯಿತು. ಮಗಳು ನೀರು ಹಿಡಿದಳು. ಕುಡಿದು, ಉಸಿರು ತಂದುಕೊಂಡು, “ನಾ ಬಂದಿದ್ನಲ್ರಿ ಮೇಡಂರ” ಎಂದರು.

ಅವರೇ ಮುಂದುವರಿಸಿದರು. “ತಪ್ಪು ನಂದೂ ಐತ್ರಿ. ನಿಮಗ ಬಾಯಿಬಿಟ್ಟು ಹೇಳಬೇಕಂತ ನನಗಿಂತ ಚೊಲೋ ಯಾರಿಗೆ ಗೊತ್ತೈತಿ? ಮೆಟ್ಟಲ ಹತ್ತೂತನಕ ಮಾತು ಹೊಂದಿಸಿಕೊಂಡ ಬಂದಿದ್ದೆ. ಮ್ಯಾಲ ಬಂದ್ರ ಬಾಯಿನ ಬರ್ಲಿಲ್ಲ. ಅದಕ್ಕ ಮುಚ್ಚಳ ಇಟ್ಟೆ. ನೀವು ಒಂದ್ ಮಾತು ಕೇಳಿದ್ರ ಹೇಳಿಬಿಡ್ತಿದ್ದೆ…”

ನಾನು ಎದ್ದು ಅವರ ಪಕ್ಕಕ್ಕೆ ಹೋಗಿ, ಗೋಡೆಗೆ ಒರಗಿ, ಅವರು ನೋಡುತ್ತಿದ್ದ ಬಾಗಿಲಿನ ಕಡೆಗೇ ಮುಖ ಮಾಡಿ ಕೂತೆ. ಕೋಣೆಯಲ್ಲಿ ಬಂದವರೊಡನೆ ಕೂರುತ್ತಿದ್ದ ಹಾಗೆ. ಹೊರಗೆ ಓಣಿಯಲ್ಲಿ ಒಂದು ಆಡು ಗೋಣಿಚೀಲ ನೆಕ್ಕುತ್ತಿತ್ತು.

“ಹೇಗಿದ್ದೀರಿ ಆಯಮ್ಮ?” ಎಂದು ಕೇಳಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ, ಉತ್ತರ ಬೇಕೆಂದು ಕೇಳಿದೆ.

ಅವರು ಹೇಳಿದರು. ಸಂಜೆಯ ಬಸ್ಸು ತಪ್ಪುವಷ್ಟು ಹೊತ್ತು ಹೇಳಿದರು. ಅದೂ ಅವರದೇ, ಇಲ್ಲಿ ಬರೆಯುವುದಿಲ್ಲ. ಮಗಳು ಹೊಸ್ತಿಲ ಮೇಲೆ ನಮ್ಮ ಕಡೆಗೆ ಬೆನ್ನು ಮಾಡಿ ಕೂತು ಕೇಳಿಸಿಕೊಂಡಳು. ಕೊನೆಯ ಬಸ್ಸಿನಲ್ಲಿ ಬರುವಾಗ ಮಲ್ಲಿಗೆಯ ವಾಸನೆ ನನ್ನ ಸೀರೆಗೂ ಹತ್ತಿತ್ತು. ತಲೆ ಸಿಡಿಯುತ್ತಿತ್ತು.

ಮತ್ತೆ ಎರಡು ಸಲ ಹೋಗಿಬಂದೆ. ನಾಲ್ಕನೆಯ ಸಲ ಹೋದಾಗ ಮನೆಯ ಮುಂದೆ ಜನ ನಿಂತಿದ್ದರು.

ಅವತ್ತೇ ತಿಳಿದಿದ್ದರೆ ರೋಗ ವಾಸಿಯಾಗುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದ್ದೆ. ಇಲ್ಲ ಎಂದರು, ಆ ಸೋಮವಾರದ ಹೊತ್ತಿಗೇ ಅದು ಬಹಳ ಮುಂದೆ ಹೋಗಿತ್ತು. ನನ್ನ ಸಮಾಧಾನಕ್ಕೆ ಹೇಳಿದ್ದಲ್ಲ. ಅವರು ಹಾಗೆ ಹೇಳುವವರಲ್ಲ. ಆದರೆ ಆರು ವಾರ ಇತ್ತು. ಆ ಆರು ವಾರವೂ, ‘ದೃಷ್ಟಿ’ ಇರುವ ಮೇಡಂ ತನ್ನ ಲೋಟದ ಮುಚ್ಚಳವನ್ನು ನೋಡಿಯೂ ನೀರು ಕುಡಿದಳು ಎಂಬುದನ್ನು ಹೊತ್ತುಕೊಂಡು ಆಯಮ್ಮ ಆಸ್ಪತ್ರೆಗೆ ಓಡಾಡಿದರು. ಇದಕ್ಕೆ ಯಾವ ರಿಪೋರ್ಟೂ ಇಲ್ಲ.

ಕೆಲಸ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಸರಿಯಾಗಿ ಹೇಳಲಾರೆ. ಈಗ ಮೊದಲ ಭೇಟಿಯಲ್ಲಿಯೇ ಬಂದವರಿಗೆ ಹೇಳಿಬಿಡುತ್ತೇನೆ: ನನಗೆ ಆಟಿಸಂ ಇದೆ, ಮುಖ ಓದಲು ಬರುವುದಿಲ್ಲ, ಅಳು ಬಂದರೆ ಬಂತು ಎಂದು ಹೇಳಿ, ಹೇಳಲಾಗದಿದ್ದರೆ ಮೇಜು ತಟ್ಟಿ. ಕೆಲವರು ಎದ್ದು ಹೋಗಿದ್ದಾರೆ. ಹೆಚ್ಚಿನವರು ಉಳಿದಿದ್ದಾರೆ. ನೀರನ್ನು ನಾನೇ ತಂದಿಡುತ್ತೇನೆ. ಇನ್ನೊಂದು ನಿಯಮವೂ ಇದೆ, ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿದರೆ, ಅವರು ಆರಾಮ ಎಂದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತೇನೆ. ಎಣಿಸಿ ಮುಗಿಯುವವರೆಗೆ ಬೇರೆ ಮಾತು ಎತ್ತುವುದಿಲ್ಲ.

ಅವತ್ತು ಹಮಾಲಿ ಮುಚ್ಚಳ ಹಿಡಿದುಕೊಂಡು ಇನ್ನೂ ನಿಂತೇ ಇದ್ದರು. “ಯಾಕ್ರಿ ಮೇಡಂರ, ಏನಾತು?” ಎಂದು ಕೇಳಿದರು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

“ಇದು ಒಬ್ಬರದು. ಅವರು ಈಗ ಇಲ್ಲ.”

ಅವರು ಹೆಗಲ ಟವೆಲ್ಲಿನಿಂದ ಮುಚ್ಚಳವನ್ನು ಎರಡೂ ಕಡೆ ಒರೆಸಿ ನನ್ನ ಕೈಗೆ ಕೊಟ್ಟರು. ಬೆರಳಿಗೆ ಚುಕ್ಕಿಗಳು ತಗುಲಿದವು.

“ನೀವು ಹೇಗಿದ್ದೀರಿ?” ಎಂದೆ.

“ನಾನಾ? ಆರಾಮದೀನ್ರಿ.”

ಎಣಿಸತೊಡಗಿದೆ. ಅವರು ಕಪಾಟಿನ ಕಡೆ ನೋಡಿದರು, ಮೆಟ್ಟಿಲ ಕಡೆ ನೋಡಿದರು. ಏಳಕ್ಕೆ ಬಂದಾಗ ಬಾಗಿಲ ಹೊರಗಿನ ಬೆಂಚಿನ ತುದಿಯಲ್ಲಿ ಕೂತರು. “ಮಣಕಾಲು ಮಾತ್ರ ಸರಿ ಇಲ್ರಿ. ಇನ್ನೊಂದು ವರ್ಷ ಈ ಕೆಲಸ ಆಗ್ತೈತೋ ಇಲ್ಲೋ. ಮನ್ಯಾಗ ಹೇಳಿಲ್ಲ.”

ಕಪಾಟು ಅಲ್ಲೇ ಇರಲಿ ಎಂದೆ. ಇಬ್ಬರೂ ಆಯಮ್ಮನ ಬೆಂಚಿನ ಮೇಲೆ, ಖಾಲಿ ಕೋಣೆಯ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತೆವು.

ಆ ಸೋಮವಾರ ಆಯಮ್ಮ ಮೇಜಿನ ಪಕ್ಕ ನಿಂತದ್ದು ಹತ್ತು ಎಣಿಸುವುದಕ್ಕಿಂತ ಹೆಚ್ಚು ಹೊತ್ತು. ಅವರು ಕಾದಿದ್ದರು. ನಾನು ಕೇಳಿರಲಿಲ್ಲ.